ಇಪ್ಪತ್ತರ ಆಚೆಯ ಮೂರು ಬೊಟ್ಟು

ಆಗ ನನಗೆ ಅರವತ್ತಮೂರು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಬದನಗುಪ್ಪೆಯ ಕೈಗಾರಿಕಾ ಜಾಗದಲ್ಲಿ ಬೆಳ್ಳುಳ್ಳಿ ಸುಲಿದು ಪ್ಯಾಕೆಟ್ ಮಾಡಿ ಕಳಿಸುವ ಒಂದು ಶೆಡ್ಡಿನಲ್ಲಿ ನನಗೆ ಕೆಲಸ. ಸುಲಿಯುವುದು ನನ್ನ ಕೆಲಸವಲ್ಲ. ಚೀಲ ಬಿಚ್ಚುವುದು, ಸಿಪ್ಪೆ ಗುಡಿಸುವುದು, ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಂಗಸರನ್ನು ಸಾಲಾಗಿ ಒಳಕ್ಕೆ ಬಿಡುವುದು. ಯಾರು ಬಂದರು, ಯಾರು ಬರಲಿಲ್ಲ ಎಂದು ಮುಖ ನೋಡಿ ನಾನು ಹೇಳುತ್ತಿದ್ದೆ, ಮೇನೇಜರು ಬರೆದುಕೊಳ್ಳುತ್ತಿದ್ದ. ನನ್ನ ಮಗನ ವಯಸ್ಸಿನವನು ಅವನು. ನನಗೆ ಅಂಕಿ ಬರುತ್ತದೆ, ಅಕ್ಷರ ನಿಧಾನ.

ಸಾಲಿಗೆ ಒಂದು ಕ್ರಮ ಇತ್ತು. ಯಾರೂ ಕೂತು ಮಾಡಿದ್ದಲ್ಲ. ಮುತ್ತೈದೆಯರು ಮುಂದೆ, ಗಂಡ ಸತ್ತವರು ಹಿಂದೆ. ಬೆಳಿಗ್ಗೆ ಬಾಗಿಲು ದಾಟುವ ಹೊತ್ತಿಗೆ ಎದುರಿಗೆ ಬೋಳು ಹಣೆ ಬರಬಾರದು, ಅಷ್ಟೇ. ನಾನು ಎಲ್ಲರನ್ನೂ ಬಿಟ್ಟು ಕೊನೆಗೆ ಹೋಗುತ್ತಿದ್ದೆ. ನನ್ನ ಮುಂದೆ ನನ್ನ ಓರಗಿತ್ತಿ ಇರುತ್ತಿದ್ದಳು. ಮೈದುನನ ಹೆಂಡತಿ. ಅವಳ ಗಂಡನೂ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಹರದನಹಳ್ಳಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುತ್ತಿದ್ದೆವು.

ಬೆಳ್ಳುಳ್ಳಿ ನೀರು ಬೆರಳನ್ನು ಸುಡುತ್ತದೆ. ಮೊದಮೊದಲು ಸಿಪ್ಪೆ ಏಳುತ್ತದೆ, ಆಮೇಲೆ ಚರ್ಮವೇ ನುಣ್ಣಗಾಗುತ್ತದೆ. ಶೆಡ್ಡು ಶುರುವಾದಾಗಿನಿಂದ ಸುಲಿದವಳು ನನ್ನ ಓರಗಿತ್ತಿ. ಅವಳ ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ, ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಹೀಗಿರುವಾಗ ಬಾಗಿಲಿಗೆ ಹೆಬ್ಬೆಟ್ಟಿನ ಮಿಷನ್ ಬಂತು. ಅದರ ಒಳಗಿನ ಸಾಫ್ಟ್‌ವೇರನ್ನು ಮೈಸೂರಿನ ಒಂದು ಸಣ್ಣ ಕಂಪನಿ ಮಾಡಿತ್ತು. ನಿಯಮ ಇಷ್ಟು. ಎಂಟೂವರೆಗೆ ಮಿಷನ್ ಶುರು. ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ಗುರುತು ಹಿಡಿದು ಹಸಿರು ದೀಪ ಹಾಕುತ್ತದೆ, ಬಾಗಿಲು ತೆರೆಯುತ್ತದೆ. ಗಡುವಿನೊಳಗೆ ಗುರುತು ಸಿಗದಿದ್ದರೆ ಕೆಂಪು ದೀಪ. ಕೆಂಪು ಬಂದವಳು ಸಾಲಿನ ಕೊನೆಗೆ ಹೋಗಿ ನಿಂತು ಮತ್ತೆ ಬರಬೇಕು. ಒಂಬತ್ತಕ್ಕೆ ಸೈರನ್. ಅಷ್ಟರಲ್ಲಿ ಹಸಿರು ಬಾರದವಳು ವಾಪಸ್ ಮನೆಗೆ. ಗಡುವು ಎಷ್ಟು ಸೆಕೆಂಡ್ ಎಂಬುದೊಂದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಅದನ್ನು ಅಳೆದು ಹೇಳಲು ಕಂಪನಿಯಿಂದ ಒಬ್ಬಳು ಹುಡುಗಿ ಬಂದಳು.

ಹುಡುಗಿಯ ಊರು ಹಂಗಳ. ಓದಿದವಳು, ಆದರೂ ಮಾತು ನಮ್ಮ ಕಡೆಯದೇ. ಪ್ಯಾಂಟು ಹಾಕಿದ್ದಳು, ಹಣೆಯಲ್ಲಿ ಏನೂ ಇರಲಿಲ್ಲ. ಮೊದಲ ದಿನವೇ ಸಾಲಿನಲ್ಲಿ ಮುಂದೆ ನಿಲ್ಲುವ ದಪ್ಪ ಹೆಂಗಸು ಅವಳನ್ನು ಕೆಣಕಿದಳು.

"ಯಾಕವ್ವಾ, ಮದ್ವೆಗ್ ಮುಂಚೇನೇ ಬೋಳಣೆ ಮಾಡ್ಕೊಂಡಿದ್ದೀಯಾ?"

"ಬೊಟ್ಟು ಇಕ್ಕಂಡ್ರೆ ತುರಿಕೆ ಆಯ್ತದೆ ಅಕ್ಕಾ," ಎಂದಳು ಹುಡುಗಿ ನಗುತ್ತಾ.

ಮೇನೇಜರು ಅವಸರದವನು. "ಮಿಷನ್ ಒಳಗೇ ಟೈಮ್ ಇರುತ್ತಲ್ಲಮ್ಮ, ಅದನ್ನ ತೆಗ್ದು ಸರಾಸರಿ ಹೇಳ್ಬಿಡಿ, ಮುಗೀತು" ಎಂದ. ಹುಡುಗಿ ಒಪ್ಪಲಿಲ್ಲ. ಮಿಷನ್ನು ಗುರುತು ಸಿಕ್ಕ ಸಲವನ್ನು ಮಾತ್ರ ಬರೆದುಕೊಳ್ಳುತ್ತದೆ, ಸಿಗದೆ ತಡಕಾಡಿದ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಬೆರಳು ಇಟ್ಟ ಗಳಿಗೆಯಿಂದ ಹಸಿರು ಬರುವವರೆಗೆ ಹೊರಗಿನಿಂದ ಅಳೆಯಬೇಕು ಎಂದಳು. ಒಬ್ಬೊಬ್ಬಳನ್ನೂ ದಿನದಲ್ಲಿ ಐದು ಸಲ ಒತ್ತಿಸಬೇಕು, ಒಣಗಿದ ಕೈಯಲ್ಲೂ ಒದ್ದೆ ಕೈಯಲ್ಲೂ.

"ಒಂದ್ಸಲ ಯಾಕೆ ಸಾಲಲ್ಲ?" ಎಂದು ನಾನು ಕೇಳಿದೆ.

"ಒಂದೇ ಸಲ ಆದ್ರೆ ಅದು ಆ ಗಳಿಗೆ ಬೆರಳು ಅಷ್ಟೇ ಅಜ್ಜಿ. ಬೆಳಿಗ್ಗೆ ಒಂಥರ ಇರ್ತದೆ, ಸಂಜೆ ಒಂಥರ."

ಅದು ಸರಿಯಾದ ಮಾತು ಎನಿಸಿತು.

ಬಾಗಿಲ ಒಳಗಿನ ಗೋಡೆಗೆ ಅವಳು ಬಿಳಿ ಹಾಳೆಗಳನ್ನು ಜೋಡಿಸಿ ಅಂಟಿಸಿದಳು. ಕೆಳಗೆ ಉದ್ದಕ್ಕೆ ಒಂದು ಗೆರೆ, ಗೆರೆಯ ಕೆಳಗೆ ಒಂದರಿಂದ ಇಪ್ಪತ್ತೈದರವರೆಗೆ ಅಂಕಿ. ಯಾರಿಗೆ ಎಷ್ಟು ಸೆಕೆಂಡ್ ಹಿಡಿಯಿತೋ ಆ ಅಂಕಿಯ ಮೇಲೆ ಒಂದು ಚುಕ್ಕೆ. ಅದೇ ಅಂಕಿ ಇನ್ನೊಬ್ಬಳಿಗೆ ಬಂದರೆ ಮೊದಲ ಚುಕ್ಕೆಯ ತಲೆಯ ಮೇಲೆ ಇನ್ನೊಂದು. ಕಂಪ್ಯೂಟರಿನಲ್ಲಿ ಯಾಕೆ ಮಾಡುವುದಿಲ್ಲ ಎಂದು ಮೇನೇಜರು ಕೇಳಿದ. ಗುಂಡ್ಲುಪೇಟೆಯಲ್ಲಿರುವ ನಮ್ಮ ಶೆಡ್ಡಿನ ಯಜಮಾನರು ಪರದೆಯ ಮೇಲಿನ ಬಣ್ಣದ ಚಿತ್ರ ನಂಬುವುದಿಲ್ಲ ಎಂದು ಹೇಳಿದ್ದರಂತೆ. ಹಾಗಾಗಿ ಒತ್ತಿದವರೇ ತಮ್ಮ ಚುಕ್ಕೆ ಇಡಲಿ ಎಂದು ಅವಳ ಯೋಚನೆ.

ಚುಕ್ಕೆಗೆಂದು ತಂದಿದ್ದ ಕಾಗದದ ಅಂಟುಗಳು ನಮ್ಮ ಶೆಡ್ಡಿನ ತೇವಕ್ಕೆ ನಿಲ್ಲಲಿಲ್ಲ, ಉದುರಿ ಬಿದ್ದವು. ದಪ್ಪ ಹೆಂಗಸು "ಸ್ಟಿಕ್ಕರ್ ಬೊಟ್ಟು ಇಕ್ಕವ್ವಾ, ಬೆವರಿದ್ರೂ ಬೀಳದಿಲ್ಲ" ಎಂದಳು. ಹುಡುಗಿ ರಸ್ತೆಯ ಅಂಗಡಿಯಿಂದ ಕೆಂಪು ಬೊಟ್ಟಿನ ಪ್ಯಾಕೆಟ್ಟುಗಳನ್ನು ತರಿಸಿದಳು. ಎಲ್ಲಾ ಒಂದೇ ಅಳತೆಯವು. ದೊಡ್ಡದು ಚಿಕ್ಕದು ಬೆರೆತರೆ ದೊಡ್ಡ ಬೊಟ್ಟು ಇಟ್ಟ ಕಡೆ ಗುಡ್ಡೆ ಸುಳ್ಳಾಗಿ ಎತ್ತರ ಕಾಣುತ್ತದೆ ಎಂದಳು.

ಹುಡುಗಿ ಮಿಷನ್ನಿನ ಎದುರು ಸ್ಟೂಲು ಹಾಕಿಕೊಂಡು ಫೋನಿನ ಗಡಿಯಾರ ಹಿಡಿದು ಕೂತಳು. ಗೋಡೆ ಅವಳ ಬೆನ್ನಿಗಿತ್ತು. ಬೆರಳು ಇಟ್ಟ ಕೂಡಲೇ ಒತ್ತುವಳು, ಹಸಿರು ಬಂದ ಕೂಡಲೇ ಒತ್ತಿ "ಮೂರು", "ನಾಲ್ಕು" ಎಂದು ಕೂಗುವಳು. ಆ ದಿನ ಮಿಷನ್ನಿಗೆ ಗಡುವು ಹಾಕಿರಲಿಲ್ಲ, ಎಷ್ಟು ಹೊತ್ತಾದರೂ ಹಸಿರು ಬರುವವರೆಗೆ ಕಾಯುವುದು. ನಾನು ಹೊರಗಿನಿಂದ ಒಬ್ಬೊಬ್ಬರನ್ನಾಗಿ ಕಳಿಸಿದೆ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಬೊಟ್ಟಿನ ಗುಡ್ಡ ಎದ್ದಿತ್ತು. ಮೂರು ನಾಲ್ಕರ ಮೇಲೆ ಎತ್ತರ, ಎರಡೂ ಕಡೆ ಇಳಿಜಾರು, ಎಂಟರ ಹೊತ್ತಿಗೆ ಹೆಚ್ಚುಕಡಮೆ ನೆಲ. ಚೀಲ ಸುರಿದಾಗ ಬೆಳ್ಳುಳ್ಳಿ ಗುಡ್ಡೆ ಬೀಳುತ್ತದಲ್ಲ, ಹಾಗೆ.

ಮೇನೇಜರು ಫೋಟೋ ತೆಗೆದು ಗುಂಡ್ಲುಪೇಟೆಗೆ ಕಳಿಸಿಯೇ ಬಿಟ್ಟ. "ಎಂಟು ಸೆಕೆಂಡ್ ಸಾಕು" ಎಂದು ಅಲ್ಲಿಂದ ಮಾತು ಬಂತು.

ಎಲ್ಲರೂ ಹೋದ ಮೇಲೆ ನಾನು ಸಿಪ್ಪೆ ಗುಡಿಸುತ್ತಿದ್ದೆ. ನನ್ನ ಓರಗಿತ್ತಿ ಬಸ್ಸಿಗೆ ಕಾಯಲು ರಸ್ತೆಗೆ ಹೋಗಿದ್ದಳು. ಹುಡುಗಿ ಮೇಜಿನ ಮೇಲೆ ಉಳಿದ ಬೊಟ್ಟಿನ ಪ್ಯಾಕೆಟ್ಟುಗಳನ್ನು ಎಣಿಸಿ, ಗೋಡೆ ನೋಡಿ, ಮತ್ತೆ ಎಣಿಸಿದಳು.

"ಅಜ್ಜಿ, ಬೊಟ್ಟು ಬಾಳಾ ಉಳಿದವೆ. ಯಾರಾದ್ರೂ ಬೆರಳು ಒತ್ತದೇ ಓದ್ರಾ?"

"ಎಲ್ರೂ ಒತ್ತವ್ರೆ. ನಾನೇ ಕಳಿಸ್ನಲ್ಲ."

"ಬಿದ್ದೋದ್ವಾ?"

"ಬಿದ್ದಿದ್ರೆ ನನ್ ಪೊರಕೆಗೆ ಸಿಗ್ತಿದ್ವು."

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಮುಖವನ್ನಲ್ಲ, ಹಣೆಯನ್ನು.

"ಅಜ್ಜಿ, ಇದ್ರಲ್ಲಿ ನಿಮ್ ಬೊಟ್ಟು ಯಾವ್ದು?"

"ನಂದಿಲ್ಲ ಕಣವ್ವಾ."

ಗಂಡ ಸತ್ತವರು ಯಾರೂ ಬೊಟ್ಟು ಮುಟ್ಟಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ಇಡಿ ಎಂದು ಯಾರೂ ಕರೆದೂ ಇರಲಿಲ್ಲ. ಬೆರಳು ಒತ್ತಿ, ಅಂಕಿ ಕೇಳಿಸಿಕೊಂಡು, ಗೋಡೆಯ ಮುಂದೆ ಹಾಗೇ ನಡೆದು ಹೋಗಿದ್ದರು. ನನ್ನ ಕೈಯೂ ಅತ್ತ ಹೋಗಲಿಲ್ಲ.

ಹುಡುಗಿ ಸ್ಟೂಲಿನ ಮೇಲೆ ಕೂತಳು. "ನಮ್ಮೂರಲ್ಲೂ ಇಂಗೇ ಅಲ್ವಾ ಅಜ್ಜಿ. ನಂಗೆ ಒಳೀಲೇ ಇಲ್ವಲ್ಲ. 'ಹತ್ತೊಂಬತ್ತು' ಅಂತ ನಾನೇ ಕೂಗ್ದಂಗಿತ್ತು. ಗೋಡೇಲಿ ಹತ್ತೊಂಬತ್ತರ ಮೇಲೆ ಏನೂ ಇಲ್ಲ."

ಮಾರನೆಯ ದಿನ ಅವಳು ಕಪ್ಪು ಸ್ಕೆಚ್ ಪೆನ್ನು ತಂದಳು. ಬೊಟ್ಟು ಬೇಡದವರು ಪೆನ್ನಿನಿಂದ ಚುಕ್ಕೆ ಇಡಿ, ನೀವಷ್ಟೇ ಇನ್ನೊಮ್ಮೆ ಐದು ಸಲ ಒತ್ತಿ ಎಂದಳು. ಒತ್ತಿದೆವು, ಇಟ್ಟೆವು. ಕೆಂಪು ಗುಡ್ಡದ ಬಲಕ್ಕೆ, ಹನ್ನೆರಡರಿಂದ ಆಚೆಗೆ, ಕಪ್ಪಿನ ಒಂದು ಸಣ್ಣ ದಿಬ್ಬ ಎದ್ದಿತು. ನಡುವೆ ಬಯಲು. ನನ್ನ ಓರಗಿತ್ತಿಯ ಸರದಿಯಲ್ಲಿ ಅಂಕಿ ಮೂವತ್ತೊಂದು ಎಂದು ಬಂತು. ಹಾಳೆ ಇಪ್ಪತ್ತೈದಕ್ಕೇ ಮುಗಿದಿತ್ತು. ಹುಡುಗಿ ಇನ್ನೊಂದು ಹಾಳೆ ಜೋಡಿಸಿ ಗೆರೆಯನ್ನು ಉದ್ದ ಎಳೆದಳು.

ನಿಜ ಹೇಳಬೇಕೆಂದರೆ ಅದು ವಿಧವೆಯರ ದಿಬ್ಬವಲ್ಲ. ಬಹುಕಾಲ ಸುಲಿದ ಬೆರಳುಗಳ ದಿಬ್ಬ. ಹಳಬರಲ್ಲಿ ಬಹಳ ಜನಕ್ಕೆ ಗಂಡ ಇರಲಿಲ್ಲ, ಅಷ್ಟೇ. ಸುಲಿಯದ ನನ್ನ ಐದೂ ಕಪ್ಪು ಚುಕ್ಕೆ ಎಡಗಡೆ ನಾಲ್ಕರ ಮೇಲೇ ಕೂತಿದ್ದವು. ಬಲಗಡೆ ಮೊದಲ ದಿನದ ನಾಲ್ಕೈದು ಕೆಂಪು ಬೊಟ್ಟೂ ಇದ್ದವು, ಹಳೇ ಮುತ್ತೈದೆಯೊಬ್ಬಳವು. ಆದರೆ ನೋಡುವವರ ಕಣ್ಣಿಗೆ ಅದಾವುದೂ ಬೀಳಲಿಲ್ಲ.

ಮೇನೇಜರು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಓ, ಕಷ್ಟ ಇಲ್ಲಿರೋದು! ಹಂಗಾದ್ರೆ ಸುಲಭ ಆಯ್ತಲ್ಲ. ಈ ಕರೀ ಚುಕ್ಕೆಯೋರ್ನ ಬಿಟ್ಟು ಲೆಕ್ಕ ಹಾಕಿ. ಇವ್ರಿಗೆ ಬೇಕಾದ್ರೆ ಬೇರೆಲ್ಲಾದ್ರೂ ಕೆಲಸ ನೋಡೋಣ."

ಬೇರೆಲ್ಲಾದರೂ ಎಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ನನ್ನ ಓರಗಿತ್ತಿ ಸೆರಗಿನಲ್ಲಿ ಹೆಬ್ಬೆರಳು ಸುತ್ತಿಕೊಂಡು ನಿಂತಿದ್ದಳು. ಅವಳಿಗೆ ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇರಲಿಲ್ಲ.

ಹುಡುಗಿ ಅವತ್ತು ಸಿಟ್ಟಾದದ್ದನ್ನು ನೋಡಿದೆ. ಅವನ ಮೇಲಲ್ಲ, ತನ್ನ ಮೇಲೆ. "ಎರಡು ಬಣ್ಣ ಇಟ್ಟು ನಾನೇ ಬೇರೆ ಮಾಡ್ಕೊಟ್ಬುಟ್ಟೆ" ಎಂದಳು. ಎಲ್ಲರನ್ನೂ ಮತ್ತೆ ಅಳೆಯಬೇಕು, ಹೊಸ ಹಾಳೆ, ಎಲ್ಲರಿಗೂ ಒಂದೇ ಚುಕ್ಕೆ. ಆದರೆ ಒಂದೇ ದಿನ ಉಳಿದಿತ್ತು. ಅದರ ಮಾರನೆಯ ದಿನ ಹಾಳೆ ಗುಂಡ್ಲುಪೇಟೆಯಲ್ಲಿ ಯಜಮಾನರ ಮುಂದಿರಬೇಕು.

ಮೂರನೆಯ ದಿನ ಬೆಳಿಗ್ಗೆ "ಎಲ್ರೂ ಪೆನ್ನಲ್ಲೇ ಇಡಿ" ಎಂದಳು ಹುಡುಗಿ.

ದಪ್ಪ ಹೆಂಗಸು ಕೈ ಹಿಂದಕ್ಕೆ ಎಳೆದುಕೊಂಡಳು. "ಕರೀದಾ? ನಾವ್ಯಾಕವ್ವಾ ಕರೀದು ಇಕ್ಬೇಕು? ನನ್ ಗಂಡ ಗಟ್ಟಿಯಾಗವ್ನೆ. ಕುಡ್ಕನೋ ಗಿಡ್ಕನೋ, ಅವ್ನಂತೂ ಅವ್ನೆ."

"ಪೆನ್ನು ಕಣಕ್ಕಾ ಅದು, ಬರೀ ಪೆನ್ನು."

"ನಿನ್ನೆ ಮೇನೇಜರಪ್ಪ ಏನಂದ ಕೇಳಿಸ್ಕಂಡಿಲ್ವಾ? ಕರೀ ಚುಕ್ಕೆಯೋರು ಅಂದ. ನಂಗ್ ಬ್ಯಾಡ."

ಅವಳ ಹಿಂದಿನವರೂ ಬೇಡ ಎಂದರು. ಒಂದೇ ದಿನದಲ್ಲಿ ಪೆನ್ನು ವಿಧವೆಯರದಾಗಿ ಹೋಗಿತ್ತು. ಹುಡುಗಿ ನನ್ನ ಕಡೆ ನೋಡಿದಳು. ಹೊತ್ತು ಹೋಗುತ್ತಿತ್ತು. ಕೆಂಪು ಬೊಟ್ಟಿನ ಪ್ಯಾಕೆಟ್ಟುಗಳು ಮೇಜಿನ ಮೇಲೆ ಹಾಗೇ ಇದ್ದವು.

ನಾನು ಹೋಗಿ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟೆ. "ನಾಲ್ಕು" ಎಂದಳು. ಪ್ಯಾಕೆಟ್ ಹರಿದು ಒಂದು ಬೊಟ್ಟು ಕಿತ್ತು ನಾಲ್ಕರ ಮೇಲೆ ಅಂಟಿಸಿದೆ. ಗಂಡ ಹೋದ ಮೇಲೆ ನನ್ನ ಬೆರಳಿಗೆ ಬೊಟ್ಟು ಸಿಕ್ಕಿದ್ದು ಅದೇ ಮೊದಲು.

ಓರಗಿತ್ತಿಯನ್ನು ಕರೆದೆ. ಅವಳು ಬರಲಿಲ್ಲ.

"ನಂಗಾಗದಿಲ್ಲ ಕಣಕ್ಕಾ. ಅವ್ರು ಓದ್ ಮೇಲೆ ಮುಟ್ಟಿಲ್ಲ ನಾನು."

"ಗೋಡೆಗೆ ಇಕ್ಕದು ಕಣಮ್ಮಿ, ನಿನ್ ಅಣೆಗಲ್ಲ. ಗೋಡೆಗೇನು ಗಂಡ ಸತ್ತವ್ನಾ?"

ಯಾರೋ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅವಳು ನಗಲಿಲ್ಲ.

"ಜನ ಏನಂದ್ಕತಾರೆ?"

"ನಾಳಿದ್ದು ಬಾಗಿಲಲ್ಲಿ ನಿನ್ನ ನಿಲ್ಸಿದ್ರೆ ಆ ಜನ ಬಂದು ಒಲೆ ಹಚ್ಚಿ ಕೊಟ್ಟಾರಾ? ಬಾ."

ಬಂದಳು. ಹೆಬ್ಬೆರಳು ಇಟ್ಟಳು. ಮಿಷನ್ ಬಹಳ ಹೊತ್ತು ಮಿಣಮಿಣ ಎಂದಿತು. "ಇಪ್ಪತ್ತೆಂಟು" ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಓರಗಿತ್ತಿ ಬೊಟ್ಟನ್ನು ಉಗುರಿನ ತುದಿಯಲ್ಲಿ ಹಿಡಿದು, ಗೋಡೆಯ ದೂರದ ತುದಿಯವರೆಗೆ ಒಬ್ಬಳೇ ನಡೆದು ಅಂಟಿಸಿದಳು. ಬೊಟ್ಟು ಸ್ವಲ್ಪ ಸೊಟ್ಟಗೆ ಕೂತಿತು. ಸರಿಮಾಡಲು ಹೋಗಲಿಲ್ಲ. ಆಮೇಲೆ ಉಳಿದವರೂ ಬಂದರು. ಬೇಡವೇ ಬೇಡ ಎಂದ ಇಬ್ಬರದ್ದನ್ನು ಅವರ ಎದುರೇ ನಾನು ಅಂಟಿಸಿದೆ.

ಆ ದಿನ ಗೋಡೆಯ ಹತ್ತಿರ ನಿಂತವಳು ನಾನೇ. ಅಂಗಳದಲ್ಲಿ ರಂಗೋಲಿ ಚುಕ್ಕಿ ಇಡುವಾಗ ಸಾಲು ಹೇಗೆ ನೆಟ್ಟಗಿರಬೇಕೋ ಹಾಗೆ ಒಂದರ ತಲೆಗೆ ಒಂದು ತಾಗುವಂತೆ ಇಡಿಸಿದೆ. ಸಂಜೆಗೆ ಎಲ್ಲಾ ಕೆಂಪೇ. ದೊಡ್ಡ ಗುಡ್ಡ, ನಡುವೆ ಬಯಲು, ಆಚೆ ಸಣ್ಣ ದಿಬ್ಬ, ಅದರಾಚೆ ಒಂಟಿಯಾಗಿ ಮೂರು ಬೊಟ್ಟು. ಅವು ಮೂರೂ ನನ್ನ ಓರಗಿತ್ತಿಯವು. ಅವಳ ಇನ್ನೆರಡು ಹದಿನೇಳರ ಮೇಲೆ, ಹತ್ತೊಂಬತ್ತರ ಮೇಲೆ ಇದ್ದವು. ನೋಡಿದವರಿಗೆ ಯಾವುದು ಯಾರದು ಎಂದು ಗೊತ್ತಾಗುವಂತಿರಲಿಲ್ಲ.

ಹಾಳೆ ಸುರುಳಿ ಸುತ್ತಿದರೆ ಬೊಟ್ಟು ಏಳುತ್ತವೆ. ಬೆಳ್ಳುಳ್ಳಿ ಪ್ಯಾಕ್ ಮಾಡುವ ರಟ್ಟಿನ ಡಬ್ಬ ಬಿಚ್ಚಿ ಅಗಲ ಮಾಡಿ ಅದರ ಮೇಲೆ ಹಾಳೆ ಬಿಗಿದೆವು. ಮಾರನೆಯ ದಿನ ಹುಡುಗಿಯೂ ನಾನೂ ಅದನ್ನು ಹೊತ್ತು ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ನಾನು ಯಾಕೆ ಎಂದರೆ, ಒಂದು ತುದಿ ಹಿಡಿಯಲು. ತೆರಕಣಾಂಬಿಯವರೆಗೂ ಸೀಟು ಸಿಗಲಿಲ್ಲ.

"ಏನಜ್ಜಿ, ಬೊಟ್ಟಿನ್ ಯಾಪಾರಾನಾ?" ಎಂದ ಕಂಡಕ್ಟರು.

"ಊ ಕಣಪ್ಪಾ. ನಿನ್ ಎಂಡ್ರಿಗೆ ಬೇಕಾ, ಸಾಲ ಕೊಡಾಕಿಲ್ಲ."

ಯಜಮಾನರು ಗೋಡೌನಿನ ಮುಂದಿನ ಕೋಣೆಯಲ್ಲಿ ಕೂತಿದ್ದರು. ವಿಭೂತಿ ಹಚ್ಚಿದ ದೊಡ್ಡ ಆಳು, ಮಾತು ಕಡಿಮೆ. ರಟ್ಟನ್ನು ಗೋಡೆಗೆ ಒರಗಿಸಿದೆವು. ಬಹಳ ಹೊತ್ತು ನೋಡಿದರು.

"ಸರಾಸರಿ ಎಷ್ಟು ಬರುತ್ತಮ್ಮ?"

"ಆರರ ಹತ್ರ ಸಾರ್."

"ಹಂಗಿದ್ಮೇಲೆ ಎಂಟು ಸಾಕಲ್ಲ."

ಹುಡುಗಿ ವಾದ ಮಾಡಲಿಲ್ಲ. ಒಂದು ದಿನಪತ್ರಿಕೆ ತೆಗೆದುಕೊಂಡು ಎಂಟರಿಂದ ಬಲಕ್ಕೆ ಇದ್ದದ್ದನ್ನೆಲ್ಲ ಮುಚ್ಚಿ ಹಿಡಿದಳು. "ಈಗ ಮುಚ್ಚೋಗಿರೋ ಅಷ್ಟೂ ಬೊಟ್ಟು, ಬಾಗಿಲಲ್ಲಿ ಕೆಂಪು ದೀಪ ಸಾರ್. ಆರು ಅನ್ನೋ ಸರಾಸರಿ ಮೇಲೆ ಕೂತಿರೋರೇ ಕಮ್ಮಿ, ನೋಡಿ. ದೊಡ್ಡ ಗುಡ್ಡ ಅದಕ್ಕಿಂತ ಎಡಕ್ಕಿದೆ, ಈ ದಿಬ್ಬ ಬಲಕ್ಕಿದೆ."

ನಾನು ಗುಡಿಸುವವಳು. ಚೀಲ ಸುರಿದಾಗ ನಡುವಿನ ಗುಡ್ಡೆ ನನಗೆ ಕೆಲಸ ಕೊಡುವುದಿಲ್ಲ. ದೂರ ಉರುಳಿ ಹೋದ ನಾಲ್ಕು ಗಡ್ಡೆಗಳೇ ನನ್ನನ್ನು ಬಗ್ಗಿಸುವುದು. ಹುಡುಗಿಯ ಮಾತು ನನಗೆ ಹಾಗೆ ಅರ್ಥವಾಯಿತು.

ಯಜಮಾನರು ಎದ್ದು ಬಂದರು. ಪತ್ರಿಕೆಯ ಅಂಚನ್ನು ತಾವೇ ಹಿಡಿದು ಬಲಕ್ಕೆ ಸರಿಸುತ್ತಾ ಹೋದರು. ಹತ್ತು. ಹದಿನಾಲ್ಕು. ಪ್ರತಿ ಸಲ ನಿಲ್ಲಿಸಿ, ಎಷ್ಟು ಮುಚ್ಚಿದೆ ಎಂದು ಇಣುಕುವರು. ಇಪ್ಪತ್ತಕ್ಕೆ ಬಂದಾಗ ಪತ್ರಿಕೆಯ ಹಿಂದೆ ಮೂರೇ ಉಳಿದವು.

"ಇಪ್ಪತ್ತು ಮಾಡಿ. ಇದಕ್ಕಿಂತ ಜಾಸ್ತಿ ಆದ್ರೆ ಸಾಲು ರಸ್ತೆಗೆ ಹೋಗುತ್ತೆ, ಲಾರಿ ಓಡಾಡೋ ಜಾಗ ಅದು. ಈ ಮೂರು ಬಿಡಿ."

"ಬುಡದೆಂಗೆ ಬುದ್ಧಿ?" ಎಂದೆ. "ಅದು ನನ್ನ ಓರಗಿತ್ತಿ."

ಅವರು ತಿರುಗಿ ನನ್ನನ್ನು ಮೊದಲ ಸಲ ನೋಡಿದರು. "ಮೂರೂ ಒಬ್ಳೇನಾ?"

"ಮೂರೂ ಒಬ್ಳೇ. ನಿಮ್ ಶೆಡ್ಡಿನ್ ಮೊದಲ್ನೇ ಚೀಲ ಸುಲ್ದೋಳು."

ಪತ್ರಿಕೆ ಮಡಚಿ ಮೇಜಿನ ಮೇಲಿಟ್ಟರು. "ಒಬ್ಳಿಗೋಸ್ಕರ ಮಿಕ್ಕೋರನ್ನೆಲ್ಲ ಬಿಸಿಲಲ್ಲಿ ನಿಲ್ಲಿಸೋಕಾಗುತ್ತಾ? ನೀನೇ ಹೇಳಮ್ಮ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗಡುವು ಇಡುವಂತೆ ಮಾಡಲಾಗದೇ ಎಂದು ಹುಡುಗಿಯನ್ನು ಕೇಳಿದರು. ಈಗಿನದರಲ್ಲಿ ಆಗದು, ಹೊಸದಾಗಿ ಬರೆಯಬೇಕು, ಕೆಲವು ತಿಂಗಳಾಗುತ್ತದೆ ಎಂದಳು. "ಬರೀರಿ. ಅಲ್ಲೀವರೆಗೆ ಇಪ್ಪತ್ತು. ನಾಳೆಯಿಂದ ಶುರು" ಎಂದರು. ನಮಗೆ ಟೀ ತರಿಸಿದರು. ಕುಡಿದು ಎದ್ದೆವು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ರಟ್ಟನ್ನು ಕಂಬಕ್ಕೆ ಒರಗಿಸಿದಳು. ಆಮೇಲೆ ಹದಿನೇಳರ ಬೊಟ್ಟಿನ ಮೇಲೆ, ಹತ್ತೊಂಬತ್ತರ ಬೊಟ್ಟಿನ ಮೇಲೆ ಬೆರಳಿಟ್ಟಳು.

"ಇವೂ ಅವ್ರದೇ ಅಲ್ವಾ ಅಜ್ಜಿ? ಐದ್ರಲ್ಲಿ ಎರಡು ಒಳಗವೆ. ಅವ್ರಿಗೆ ಅಸ್ರು ಬರದೇ ಇಲ್ಲ ಅಂತಲ್ಲ. ಒಂದ್ಸಲಕ್ಕೆ ಬರ್ತದೆ ಅನ್ನಂಗಿಲ್ಲ, ಅಷ್ಟೇ. ಎರಡು ಮೂರು ಸಲ ಸಿಕ್ಕಿದ್ರೆ ಬರ್ತದೆ."

"ಕೊನೇಲಿ ನಿಂತೋಳಿಗೆ ಒಂದೇ ಸಲ ಕಣವ್ವಾ. ಸಾಲು ಮುಗಿಯೋ ಅಷ್ಟ್ರಲ್ಲಿ ಸೈರನ್ ಕೂಗ್ತದೆ."

ಅವಳಿಗೆ ಸಾಲಿನ ಕ್ರಮ ಗೊತ್ತಿತ್ತು. ಮೈಸೂರಿನ ಬಸ್ಸು ಬಂದಾಗ "ರಟ್ಟು ನೀವೇ ಇಟ್ಕಳಿ, ನನ್ ಹತ್ರ ಫೋಟೋ ಅದೆ" ಎಂದು ಹತ್ತಿ ಹೋದಳು.

ಮಾರನೆಯ ಬೆಳಿಗ್ಗೆ ಓರಗಿತ್ತಿಯನ್ನು ಎಬ್ಬಿಸಿ, ದಿನದ ಬಸ್ಸಿಗಿಂತ ಮೊದಲಿನ ಬಸ್ಸಿಗೆ ಹೊರಡಿಸಿದೆ. ಯಾಕೆ ಎಂದು ಕೇಳಿದಳು, ನಡಿ ಎಂದೆ. ಮಿಷನ್ನಿಗೆ ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿದ್ದರು. ಎಂಟೂವರೆಗೆ ದಪ್ಪ ಹೆಂಗಸು ಹಣೆ ತುಂಬ ಕುಂಕುಮ ಇಟ್ಟುಕೊಂಡು ಮೊದಲ ಬೆರಳು ಒತ್ತಲು ಮುಂದೆ ಬಂದಳು. ಅವಳಿಗಿಂತ ಮುಂದೆ ನಾನು ಓರಗಿತ್ತಿಯನ್ನು ತಂದು ನಿಲ್ಲಿಸಿದ್ದೆ.

"ಏನಕ್ಕಾ ಇದು, ಮೊದಲ್ನೇ ದಿವ್ಸಾನೇ!" ಎಂದಳು.

"ನಿಂಗೆ ಮೂರು ಸೆಕೆಂಡ್ ಸಾಕು. ಇವ್ಳಿಗೆ ಸಾಲಲ್ಲ. ನೀನು ಇಂದೆ ನಿಂತ್ಕಂಡ್ರೂ ಒಳೀಕ್ ಓಯ್ತೀಯ."

ಮೇನೇಜರು ಬಾಯಿ ತೆರೆದ. ಸಾಲು ನಿಲ್ಲಿಸುವುದು ನನ್ನ ಕೆಲಸ ಎಂದೆ. ದಪ್ಪ ಹೆಂಗಸು ಏನೋ ಗೊಣಗಿ ಅರ್ಧ ಹೆಜ್ಜೆ ಹಿಂದೆ ಸರಿದಳು.

ಓರಗಿತ್ತಿಯ ಹೆಬ್ಬೆರಳನ್ನು ನನ್ನ ಸೆರಗಿನಲ್ಲಿ ಒರೆಸಿ ಗಾಜಿನ ಮೇಲೆ ಇಡಿಸಿದೆ. ಮಿಣಮಿಣ ಎಂದು ಕೊನೆಗೆ ಕೆಂಪು ಬಂತು. ಯಾರೋ ಲೊಚಗುಟ್ಟಿದರು. ಅವಳ ಕೈ ಹಿಡಿದು ಸಾಲಿನ ಕೊನೆಗೆ ಕರೆದುಕೊಂಡು ಹೋಗಿ ನಿಂತೆ. ಸಾಲು ಒಬ್ಬೊಬ್ಬರಾಗಿ ಕರಗಿತು, ಮೂರು ಸೆಕೆಂಡಿನವರು, ನಾಲ್ಕು ಸೆಕೆಂಡಿನವರು. ಎರಡನೆಯ ಸಲ ಇಟ್ಟಳು. ಕೆಂಪು. ಅಷ್ಟರಲ್ಲಿ ನಮ್ಮ ಹಿಂದೆ ಕೆಂಪು ಬಂದು ಮರಳಿದ ನಾಲ್ಕೇ ಜನ ಉಳಿದಿದ್ದರು. ಮತ್ತೆ ಹೋಗಿ ಅವರ ಹಿಂದೆ ನಿಂತೆವು. ಸೈರನ್ನಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಮೂರನೆಯ ಸಲ ಹಸಿರು ಬಂತು. ಅವಳು ತಿರುಗಿ ನೋಡದೆ ಒಳಕ್ಕೆ ಹೋದಳು. ನಾನು ಹೆಬ್ಬೆಟ್ಟು ಒತ್ತಿ, ಅವಳ ಹಿಂದೆಯೇ ಹೋಗಿ, ಆ ದಿನದ ಮೊದಲ ಚೀಲ ಬಿಚ್ಚಿದೆ.